ವಾಸ್ತುಶಾಂತಿ ಊಟಕ್ಕೆ ಯಾವ ತಟ್ಟೆ ಚಲೋ?

ಗೋಕುಲ ರೋಡ್ ಹೊಸ ಮನೆ: ಮುಂದಿನ ತಿಂಗಳು ವಾಸ್ತುಶಾಂತಿ. ಮುನ್ನೂರು ಜನ ಆಗಬಹುದು. ರೊಟ್ಟಿ, ಬದನೆಕಾಯಿ ಪಲ್ಯ, ಸಿಹಿಗೆ ಗೋದಿ ಹುಗ್ಗಿ, ಅನ್ನ ಸಾರು. ಪೇಪರ್ ತಟ್ಟೆ, ಸಣ್ಣ ನೀರಿನ ಬಾಟಲಿ ತರಿಸಿಬಿಡಿ ಅಂತಾರೆ ಅಡುಗೆಯವರು. ಪ್ಲಾಸ್ಟಿಕ್ ಬೇಡವೇ ಬೇಡ ಅಂತಾಳೆ ಮಗಳು. ಏನು ಮಾಡಲಿ?

ಧಾರವಾಡ ಪೇಡೆ: ಪೇಪರ್ ಅಂದರೆ ಬರೀ ಪೇಪರ್ ಅಲ್ಲ ರೀ. ಚಹಾ ಕಪ್ಪಿನ ಒಳಗೆ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ. ಒಳಗೆ ಹೊಳೆಯೋ ತಟ್ಟೆಯದೂ ಸಾಮಾನ್ಯವಾಗಿ ಅದೇ ಕಥೆ. ಅಡಿಕೆ ಹಾಳೆ ತಟ್ಟೆ ತನ್ನಿ. ಶಿರಸಿ ಕಡೆ ತೋಟದಲ್ಲಿ ಉದುರಿದ ಹಾಳೆಯನ್ನು ತೊಳೆದು, ಬಿಸಿ ಅಚ್ಚಿನಲ್ಲಿ ಒತ್ತಿ ಮಾಡುತ್ತಾರೆ. ಪದರವಿಲ್ಲ, ಅಂಟಿಲ್ಲ.

ಹಾವೇರಿ ಅಡುಗೆ ಭಟ್ಟ: ತಟ್ಟೆ ಚಲೋನೇ, ರೇಟು ಜಾಸ್ತಿ. ಸರಿಯಾಗಿ ಒಣಗಿಸದೆ ಇಟ್ಟರೆ ಬೂಷ್ಟು ಹಿಡಿಯುತ್ತದೆ, ಒಂದೊಂದೂ ನೋಡಿ ತಗೋಬೇಕು. ನಮ್ಮ ಅಪ್ಪನ ಕಾಲಕ್ಕೆ ಮುತ್ತಲ ಎಲೆ ಪತ್ರಾವಳಿ ಇತ್ತು. ರೊಟ್ಟಿ ಪಲ್ಯಕ್ಕೆ ಅಡ್ಡಿಯಿಲ್ಲ. ಸಾರು ಬಿತ್ತೋ, ಕಡ್ಡಿ ಚುಚ್ಚಿದಲ್ಲಿ ಸೋರಿ ಧೋತ್ರ ಹಾಳು!

ಗದಗಿನ ತಂಗಿ: ಸ್ಟೀಲ್ ತಾಟು ಬಾಡಿಗೆಗೆ ಸಿಗುತ್ತದಲ್ಲ, ಅಣ್ಣ.

ಗೋಕುಲ ರೋಡ್ ಹೊಸ ಮನೆ: ತೊಳೆಯೋಕೆ ನೀರೆಲ್ಲಿ ತಂಗಿ? ಮಲಪ್ರಭೆ ನೀರು ಸವದತ್ತಿ ಡ್ಯಾಮಿನಿಂದ ಬರಬೇಕು. ನಮ್ಮ ಓಣಿ ನಲ್ಲಿಗೆ ಅದು ವಾರಕ್ಕೊಮ್ಮೆ.

ಗದಗಿನ ತಂಗಿ: ನಮ್ಮೂರಲ್ಲೇನು ನದಿ ಹರಿಯುತ್ತಾ? ಹೋದ ವರ್ಷ ನಮ್ಮ ಅಕ್ಕನ ಸೀಮಂತಕ್ಕೆ ಇನ್ನೂರು ತಾಟು. ಎಂಜಲು ಮೊದಲೇ ಬಕೆಟ್‌ಗೆ ಒರೆಸಿ ಹಾಕಿದೆವು, ಅದು ಎಮ್ಮೆಗೆ ಹೋಯಿತು. ಆಮೇಲೆ ಸಬೀನಾ ಹಚ್ಚಿ ಮೂರು ಟಬ್ ನೀರಲ್ಲಿ ಸಾಲಾಗಿ ಅದ್ದಿದೆವು. ಎರಡು ಬ್ಯಾರಲ್ ಸಾಕಾಯಿತು. ನಲ್ಲಿ ಬಿಟ್ಟುಕೊಂಡು ತೊಳೆದರೆ ಟ್ಯಾಂಕರೂ ಸಾಲಲ್ಲ.

ಕಾಯ್ದೆ ಕಾಕಾ: ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ನಮ್ಮ ರಾಜ್ಯದಲ್ಲಿ 2016ರಲ್ಲೇ ನಿಷೇಧ. 2022ರ ಜುಲೈ 1ರಿಂದ ಇಡೀ ದೇಶಕ್ಕೆ. ನೀರಿನ ಬಾಟಲಿ ಮಾತ್ರ ಆ ಪಟ್ಟಿಯಲ್ಲಿಲ್ಲ. ಅದಕ್ಕೇ ಪ್ರತಿ ಮದುವೆಯಲ್ಲೂ ಅರ್ಧ ಕುಡಿದು ಬಿಟ್ಟ ಬಾಟಲಿ ರಾಶಿ. ಇಪ್ಪತ್ತು ಲೀಟರ್ ಕ್ಯಾನ್ ತರಿಸಿ, ಸ್ಟೀಲ್ ಲೋಟ ಇಡಿ. ಖಾಲಿ ಕ್ಯಾನ್ ವಾಪಸ್ ಹೋಗುತ್ತೆ.

ಧಾರವಾಡ ಪೇಡೆ: ಕಾಕಾ, ಗೋವಿನಜೋಳದ ಪಿಷ್ಟದ ಲೋಟ ಸಿಗುತ್ತಲ್ಲ, ಮಣ್ಣಾಗುತ್ತೆ ಅಂತ?

ಕಾಯ್ದೆ ಕಾಕಾ: ಅದಕ್ಕೆ 60 ಡಿಗ್ರಿ ಹತ್ತಿರ ಶಾಖ ಇರೋ ದೊಡ್ಡ ಗೊಬ್ಬರದ ಘಟಕ ಬೇಕು. ಹಿತ್ತಲ ತಿಪ್ಪೆಯಲ್ಲಿ ಹಾಗೇ ಬಿದ್ದಿರುತ್ತೆ.

ಗೋಕುಲ ರೋಡ್ ಹೊಸ ಮನೆ: ಸರಿ, ಸ್ಟೀಲ್ ತಾಟೇ. ತೊಳೆಯೋರ ಕೂಲಿ ಬೇರೆ ಅಂದರು ಅಡುಗೆಯವರು. ಬಾಟಲಿ ದುಡ್ಡು ಉಳಿಯಿತಲ್ಲ, ಅದರಲ್ಲೇ ಕೊಡುತ್ತೇನೆ. ಐಸ್‌ಕ್ರೀಮ್ ಕಪ್‌ದು ಏನು ಮಾಡೋದು?

ಹಾವೇರಿ ಅಡುಗೆ ಭಟ್ಟ: ಹುಗ್ಗಿ ಇರುವಾಗ ಐಸ್‌ಕ್ರೀಮ್ ಯಾಕ್ರೀ!