ಗದ್ದೆಯ ನೀರಿಗೆ ಬಿದ್ದ ಮೊಬೈಲ್: ಒಣಗಿಸಿದರೆ ಸಾಕೇ?

ಪ್ರಶ್ನೆ (ರೈತರು, ಸಿಂಧನೂರು ತಾಲ್ಲೂಕು):

ಸರ್, ನಮಸ್ಕಾರ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗದಲ್ಲಿ ನಮ್ಮ ಭತ್ತದ ಗದ್ದೆಯಿದೆ. ಇಂದು ಬೆಳಿಗ್ಗೆ ನಾಟಿ ನಡೆಯುತ್ತಿದ್ದಾಗ ಅಂಗಿಯ ಕಿಸೆಯಲ್ಲಿದ್ದ ಮೊಬೈಲ್ ಕೆಸರು ನೀರಿಗೆ ಬಿದ್ದಿತು. ತಕ್ಷಣ ಎತ್ತಿ ಒರೆಸಿದೆ. ಈಗಲೂ ಕೆಲಸ ಮಾಡುತ್ತಿದೆ, ಆದರೆ ಸ್ಪೀಕರಿನ ಧ್ವನಿ ಒಡೆದಂತೆ ಕೇಳುತ್ತಿದೆ, ಕ್ಯಾಮೆರಾದ ಗಾಜಿನೊಳಗೆ ಮಂಜು ಕಟ್ಟಿದೆ. ಬ್ಯಾಟರಿಯನ್ನು ಕೈಯಿಂದ ತೆಗೆಯಲು ಬರುವ ಮಾದರಿ ಅಲ್ಲ. ಚಾರ್ಜ್ ಕಡಿಮೆಯಾಗಿದೆ, ಬ್ಯಾಂಕಿನ ಒಟಿಪಿ ಎಲ್ಲವೂ ಇದಕ್ಕೇ ಬರುತ್ತವೆ. ನಡೆಯುತ್ತಿರುವ ಫೋನನ್ನು ಸುಮ್ಮನೆ ಬಿಚ್ಚಿಸಬೇಡ ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಏನು ಮಾಡಲಿ? ಇದನ್ನು ತಮ್ಮನ ಫೋನಿನಿಂದ ಬರೆಯುತ್ತಿದ್ದೇನೆ.

ಉತ್ತರ (ಮೊಬೈಲ್ ದುರಸ್ತಿಗಾರ, ಗಂಗಾವತಿ):

ನಮಸ್ಕಾರ. ಮುಂದಿನದನ್ನು ಓದುವ ಮೊದಲು ಫೋನನ್ನು ಸಂಪೂರ್ಣವಾಗಿ ಆಫ್ ಮಾಡಿ, ಚಾರ್ಜರ್ ಹತ್ತಿರಕ್ಕೂ ತರಬೇಡಿ. ಸಿಮ್ ಟ್ರೇ ಹೊರತೆಗೆದು ಸಿಮ್ ಕಾರ್ಡನ್ನೂ ಮೆಮೊರಿ ಕಾರ್ಡನ್ನೂ ಒರೆಸಿ ಇಟ್ಟುಕೊಳ್ಳಿ. ಇವೆರಡೂ ನೀರಿನಿಂದ ಹಾಳಾಗುವುದು ಅಪರೂಪ. ಆ ಸಿಮ್ಮನ್ನೇ ಇನ್ನೊಂದು ಫೋನಿಗೆ ಹಾಕಿಕೊಂಡರೆ ಒಟಿಪಿ ಬರುತ್ತದೆ. ಅವಸರಪಟ್ಟು ಡೂಪ್ಲಿಕೇಟ್ ಸಿಮ್ ಮಾಡಿಸಬೇಡಿ, ಏಕೆಂದರೆ ಹಾಗೆ ಮಾಡಿಸಿದಾಗ ಸುರಕ್ಷತೆಯ ಕಾರಣಕ್ಕೆ ಮೊದಲ 24 ಗಂಟೆ ಎಸ್‌ಎಂಎಸ್ ಸೌಲಭ್ಯವನ್ನು ತಡೆಹಿಡಿಯಲಾಗುತ್ತದೆ.

ಈಗ ತಮ್ಮ ಮನೆಯವರ ಮಾತಿಗೆ ಬರುತ್ತೇನೆ. ನೀರಿಗೆ ಬಿದ್ದ ಮೇಲೂ ನಡೆಯುತ್ತಿರುವ ಫೋನಿಗೆ, ಬಿದ್ದ ಕೂಡಲೇ ಬಂದ್ ಆದ ಫೋನಿಗಿಂತ ಹೆಚ್ಚು ಅಪಾಯವಿದೆ ಎಂಬುದು ನನ್ನ ಅಭಿಪ್ರಾಯ. ಬ್ಯಾಟರಿಯಿಂದ ಬರುವ ಸುಮಾರು 3.7ರಿಂದ 4.4 ವೋಲ್ಟ್ ವಿದ್ಯುತ್ತು ಫೋನಿನೊಳಗಿನ ಸರ್ಕ್ಯೂಟ್ ಬೋರ್ಡಿನ ಮೇಲೆ ಒಂದು ಮಿಲಿಮೀಟರಿಗಿಂತಲೂ ಕಡಿಮೆ ಅಂತರದಲ್ಲಿರುವ ತಾಮ್ರದ ಗೆರೆಗಳ ನಡುವೆ ಇರುತ್ತದೆ. ಆ ಅಂತರದಲ್ಲಿ ಉಪ್ಪು ಕರಗಿದ ನೀರು ನಿಂತರೆ ವಿದ್ಯುತ್ತು ನೀರಿನ ಮೂಲಕವೂ ಹರಿದು, ಧನ ಭಾಗದ ತಾಮ್ರವನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುತ್ತದೆ. ಫೋನ್ ಬಿಚ್ಚಿದಾಗ ನಮಗೆ ಕಾಣುವ ಹಸಿರು ಕಿಲುಬು ಇದರ ಗುರುತು. ಫೋನ್ ಆನ್ ಇದ್ದಷ್ಟೂ ಹೊತ್ತು ಈ ಕ್ರಿಯೆ ನಡೆಯುತ್ತಲೇ ಇರುತ್ತದೆ, ಚಾರ್ಜಿಗೆ ಹಾಕಿದರೆ ಇನ್ನೂ ವೇಗ ಪಡೆಯುತ್ತದೆ.

ತಮ್ಮ ವಿಷಯದಲ್ಲಿ ನೀರಿನ ಗುಣವನ್ನೂ ಗಮನಿಸಬೇಕು. ನಮ್ಮ ಅಚ್ಚುಕಟ್ಟಿನ ಕೊನೆಯ ಭಾಗದ ಎಷ್ಟೋ ಜಮೀನುಗಳು ಸವಳಾಗಿರುವುದು ತಮಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿಯ ಮೇಲೆಯೇ ಸಂಶೋಧನೆ ನಡೆಯುತ್ತಿದೆ. ಅಂಥ ಗದ್ದೆಯಲ್ಲಿ ನಿಂತ ನೀರಿನಲ್ಲಿ ಮಣ್ಣಿನ ಉಪ್ಪು, ಹಾಕಿದ ಗೊಬ್ಬರ, ನುಣ್ಣನೆಯ ಎರೆಮಣ್ಣು ಮೂರೂ ಸೇರಿರುತ್ತವೆ. ಬೋರಿನ ನೀರು ಆರಿದ ಬಕೆಟ್ಟಿನಲ್ಲಿ ಬಿಳಿ ಪೊರೆ ಉಳಿಯುವಂತೆ, ನೀರು ಆರಿಹೋದರೂ ಇವೆಲ್ಲ ಬೋರ್ಡಿನ ಮೇಲೆಯೇ ಉಳಿಯುತ್ತವೆ. ಆ ಪೊರೆ ಗಾಳಿಯ ತೇವವನ್ನು ಹೀರಿಕೊಂಡು ಮತ್ತೆ ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತದೆ. ಚೆನ್ನಾಗಿಯೇ ಇದ್ದ ಫೋನ್ ವಾರಗಳ ನಂತರ ಇದ್ದಕ್ಕಿದ್ದಂತೆ ಡೆಡ್ ಆಗುವುದು ಹೀಗೆಯೇ. ಆದ್ದರಿಂದ ತಮ್ಮ ಫೋನಿಗೆ ಒಣಗಿಸುವುದಷ್ಟೇ ಸಾಲದು, ಅದನ್ನು ಬಿಚ್ಚಿ ತೊಳೆಯಬೇಕು, ಅದೂ ಸಾಧ್ಯವಾದರೆ ಇಂದೇ.

ಅಂಗಡಿಗೆ ಹೋಗುವವರೆಗೆ ಚಾರ್ಜಿಂಗ್ ಪಿನ್ ಕೆಳಮುಖವಾಗಿರುವಂತೆ ಫೋನನ್ನು ನಿಲ್ಲಿಸಿ, ಫ್ಯಾನಿನ ಗಾಳಿಗೆ ಇಡಿ. ಜೋರಾಗಿ ಕೊಡವುವುದು, ಬಾಯಿಂದ ಊದುವುದು, ಪಿನ್ನಿನೊಳಗೆ ಹತ್ತಿ ತುರುಕುವುದು ಬೇಡ. ಹೊರಗಿದ್ದ ನೀರನ್ನು ಒಳಕ್ಕೆ ತಳ್ಳಿದಂತಾಗುತ್ತದೆ. ಮಾಳಿಗೆಯ ಮೇಲೆ ಬಿಸಿಲಿಗಂತೂ ಇಡಲೇಬೇಡಿ. ಲಿಥಿಯಂ ಬ್ಯಾಟರಿಗೆ 45 ಡಿಗ್ರಿ ಮೀರಿದ ಬಿಸಿ ಒಳ್ಳೆಯದಲ್ಲ, ನಮ್ಮ ಕಡೆಯ ಬಿಸಿಲಿನಲ್ಲಿ ಕಪ್ಪು ಫೋನ್ ಆ ಮಟ್ಟವನ್ನು ಬೇಗನೆ ದಾಟುತ್ತದೆ.

ಪ್ರಶ್ನೆ (ಗೃಹಿಣಿ, ಕೊಪ್ಪಳ):

ಸರ್, ಅಕ್ಕಿ ಡಬ್ಬಿಯಲ್ಲಿ ಎರಡು ದಿನ ಹೂತಿಟ್ಟರೆ ಸರಿಯಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ತಂಗಿಯ ಫೋನ್ ಹಾಗೆಯೇ ಸರಿಹೋಯಿತು. ಹೇರ್ ಡ್ರೈಯರ್ ಬಳಸಬಹುದೇ?

ಉತ್ತರ:

ಅಕ್ಕನವರೇ, ಅಕ್ಕಿಯಿಂದಲೇ ಫೋನ್ ಉಳಿಯುವುದಾದರೆ ಇಷ್ಟೊಂದು ರೈಸ್ ಮಿಲ್ಲುಗಳಿರುವ ಗಂಗಾವತಿಯಲ್ಲಿ ನನಗೆ ಕೆಲಸವೇ ಇರುತ್ತಿರಲಿಲ್ಲ. ತಮ್ಮ ತಂಗಿಯವರ ಫೋನ್ ಉಳಿದದ್ದು ಎರಡು ದಿನ ಅದನ್ನು ಯಾರೂ ಆನ್ ಮಾಡದೆ ಬಿಟ್ಟಿದ್ದರಿಂದ ಇರಬೇಕು. ಮೇಜಿನ ಮೇಲೆ ಗಾಳಿಗಿಟ್ಟಿದ್ದರೂ ಅದೇ ಫಲ ಸಿಗುತ್ತಿತ್ತು. ಅಕ್ಕಿ ತನ್ನ ಸುತ್ತಲಿನ ತೇವವನ್ನು ಅಲ್ಪಸ್ವಲ್ಪ ಹೀರಬಹುದು, ಆದರೆ ಬೋರ್ಡಿನ ಮೇಲಿನ ತಗಡಿನ ಮುಚ್ಚಳಗಳ ಕೆಳಗೆ, ಐಸಿಯ (ಚಿಪ್ಪಿನ) ಅಡಿಯಲ್ಲಿ ಸಿಕ್ಕಿಕೊಂಡ ನೀರನ್ನು ಎಳೆದು ತೆಗೆಯುವ ಶಕ್ತಿ ಅದಕ್ಕಿಲ್ಲ. ಬದಲಿಗೆ ಅಕ್ಕಿಯ ಹುಡಿಯೂ ನುಚ್ಚೂ ಪಿನ್ನಿನೊಳಗೆ ಸೇರುತ್ತವೆ. ಆ್ಯಪಲ್ ಕಂಪನಿಯೂ ಐಫೋನನ್ನು ಅಕ್ಕಿಯ ಚೀಲದಲ್ಲಿ ಇಡಬೇಡಿ, ಅದರ ಸಣ್ಣ ಕಣಗಳಿಂದ ಹಾನಿಯಾಗಬಹುದು ಎಂದು ತನ್ನ ಸೂಚನೆಗಳಲ್ಲಿ ಸೇರಿಸಿದ್ದು 2024ರಲ್ಲಿ ಸುದ್ದಿಯಾಗಿತ್ತು. ಡ್ರೈಯರ್ ಬೇಡ. ಬಿಸಿಗಾಳಿಗೆ ಡಿಸ್‌ಪ್ಲೇಯ ಅಂಟು ಸಡಿಲವಾಗುತ್ತದೆ, ನೀರಾವಿ ಒಳಗೊಳಗೇ ಬೇರೆಡೆಗೆ ಸರಿಯುತ್ತದೆ.

ಪ್ರಶ್ನೆ (ವಿದ್ಯಾರ್ಥಿ, ರಾಯಚೂರು):

ಅಣ್ಣ, ನನ್ನದು ನೀರು ತಡೆಯುತ್ತದೆ ಎಂಬ ಐಪಿ68 ಗುರುತಿನ ಫೋನ್. ಬಟ್ಟೆ ನೆನೆಸಿದ ಸೋಪಿನ ನೀರಿನ ಬಕೆಟ್ಟಿಗೆ ಬಿದ್ದಿತ್ತು. ಈಗ ಚಾರ್ಜಿಗೆ ಹಾಕಿದರೆ ತೇವವಿದೆ ಎಂಬ ಎಚ್ಚರಿಕೆ ಬರುತ್ತಿದೆ. ವಾರಂಟಿಯಲ್ಲಿ ಸರಿಮಾಡಿಕೊಡುತ್ತಾರೆಯೇ?

ಉತ್ತರ:

ಎಚ್ಚರಿಕೆ ಬರುತ್ತಿರುವುದು ಒಳ್ಳೆಯದೇ. ಅದನ್ನು ಬದಿಗೆ ಸರಿಸಿ ಬಲವಂತವಾಗಿ ಚಾರ್ಜ್ ಮಾಡಬೇಡಿ. ಐಪಿ67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ತಡೆದುಕೊಳ್ಳುತ್ತದೆ ಎಂದರ್ಥ. ಐಪಿ68ರಲ್ಲಿ ಆಳವನ್ನೂ ಸಮಯವನ್ನೂ ಕಂಪನಿಯೇ ಹೇಳುತ್ತದೆ. ಆದರೆ ಈ ಪರೀಕ್ಷೆ ನಡೆಯುವುದು ಹೊಸ ಫೋನಿನ ಮೇಲೆ, ಶುದ್ಧ ನೀರಿನಲ್ಲಿ. ಸೋಪಿನ ನೀರು ಸಣ್ಣ ಸಂದುಗಳಿಗೆ ಸುಲಭವಾಗಿ ನುಗ್ಗುತ್ತದೆ. ಒಮ್ಮೆ ಕೆಳಗೆ ಬಿದ್ದು ಫ್ರೇಮ್ ಬಾಗಿದ್ದರೆ, ಅಥವಾ ಹೊರಗೆ ಡಿಸ್‌ಪ್ಲೇ ಬದಲಿಸುವಾಗ ಅಂಟನ್ನು ಸರಿಯಾಗಿ ಹಾಕದಿದ್ದರೆ, ಆ ರಕ್ಷಣೆ ಉಳಿದಿದೆ ಎಂದು ನಂಬಬಾರದು. ನಿಮ್ಮ ಫೋನ್ ಬಿರುಕಿಲ್ಲದೆ, ಇದುವರೆಗೆ ಬಿಚ್ಚದೆ ಇದ್ದರೆ ಮಾತ್ರ, ಆಫ್ ಮಾಡಿ ಹೊರಮೈಯ ಸೋಪನ್ನು ಸ್ವಚ್ಛವಾದ ನೀರಿನಿಂದ ನಿಧಾನವಾಗಿ ತೊಳೆದು, ಒರೆಸಿ, ಒಂದು ದಿನ ಗಾಳಿಗೆ ಬಿಡಿ. ಬೇರೆಯವರು ತಮ್ಮ ಸಾಮಾನ್ಯ ಫೋನಿಗೆ ಇದನ್ನು ಮಾಡಬಾರದು. ವಾರಂಟಿಯ ಆಸೆ ಬೇಡ: ಬಹುತೇಕ ಕಂಪನಿಗಳು ಐಪಿ68 ಇದ್ದರೂ ನೀರಿನ ಹಾನಿಯನ್ನು ವಾರಂಟಿಗೆ ಸೇರಿಸುವುದಿಲ್ಲ, ಒಳಗಿನ ಬಿಳಿ ಪಟ್ಟಿ ನೀರು ತಾಗಿ ಕೆಂಪಾಗಿದೆಯೇ ಎಂದು ನೋಡಿಯೇ ಹೇಳಿಬಿಡುತ್ತಾರೆ. ಪ್ರತ್ಯೇಕವಾಗಿ ವಿಮೆ ಮಾಡಿಸಿದ್ದರೆ ಅದರ ಷರತ್ತುಗಳನ್ನು ಓದಿ.

ಮರುಪ್ರಶ್ನೆ (ಸಿಂಧನೂರಿನ ರೈತರು):

ಸರ್, ತಾವು ಹೇಳಿದಂತೆ ಆಫ್ ಮಾಡಿ ಪೇಟೆಯ ಒಂದು ಅಂಗಡಿಗೆ ಒಯ್ದೆ. ಬಿಚ್ಚದೆಯೇ ಬೋರ್ಡ್ ಹೋಗಿದೆ, ಹೊಸ ಫೋನ್ ತೆಗೆದುಕೊಳ್ಳಿ ಎಂದರು. ಮಗಳ ಮದುವೆಯ ಫೋಟೋಗಳು ಅದರಲ್ಲಿಯೇ ಇವೆ, ಬೇರೆಲ್ಲೂ ಇಟ್ಟಿಲ್ಲ.

ಉತ್ತರ:

ಬಿಚ್ಚದೆ ಹೇಳಿದ ಮಾತನ್ನು ಒಪ್ಪಬೇಡಿ. ಬೋರ್ಡ್ ಮಟ್ಟದ ಕೆಲಸ ಮಾಡುವ, ಮೈಕ್ರೋಸ್ಕೋಪ್ ಇಟ್ಟುಕೊಂಡ ಅಂಗಡಿಯನ್ನು ಹುಡುಕಿ. ಅವರು ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಬೇಕು, ಬೋರ್ಡನ್ನು ಹೊರತೆಗೆದು ಸಾಂದ್ರ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಮೃದುವಾದ ಬ್ರಷ್‌ನಿಂದ ಅಥವಾ ಅಲ್ಟ್ರಾಸಾನಿಕ್ ಯಂತ್ರದಲ್ಲಿ ತೊಳೆಯಬೇಕು, ಅಗತ್ಯವಿದ್ದರೆ ತಗಡಿನ ಮುಚ್ಚಳ ಎತ್ತಿ ಅದರ ಕೆಳಗೂ ನೋಡಬೇಕು. ಆಮೇಲೆ ಡಿಸಿ ಪವರ್ ಸಪ್ಲೈಗೆ ಜೋಡಿಸಿ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ನೋಡಿದರೆ ಶಾರ್ಟ್ ಇದೆಯೋ ಇಲ್ಲವೋ ತಿಳಿಯುತ್ತದೆ. ಪೆಟ್ರೋಲ್ ಅಥವಾ ಥಿನ್ನರ್ ಹಾಕಿ ತಿಕ್ಕುವವರ ಕೈಗೆ ಕೊಡಬೇಡಿ. ಬ್ಯಾಟರಿ ಉಬ್ಬಿದ್ದರೆ ಅದನ್ನು ಮತ್ತೆ ಬಳಸದೆ ಬದಲಿಸಲು ಹೇಳಿ.

ಫೋಟೋಗಳ ವಿಷಯ ಸ್ವಲ್ಪ ಸೂಕ್ಷ್ಮವಾದದ್ದು. ಈಗಿನ ಫೋನುಗಳಲ್ಲಿ ಮೆಮೊರಿ ಐಸಿಯೊಳಗಿನ ಮಾಹಿತಿಗೆ ಗೂಢಲಿಪಿಯ ಬೀಗವಿರುತ್ತದೆ, ಅದನ್ನು ತೆರೆಯಲು ಅದೇ ಬೋರ್ಡಿನ ಪ್ರೊಸೆಸರ್ ಬೇಕು. ಹಾಗಾಗಿ ಐಸಿಯನ್ನು ಕಿತ್ತು ಬೇರೆ ಬೋರ್ಡಿಗೆ ಹಾಕಿದರೆ ಫೋಟೋ ಸಿಗುವುದಿಲ್ಲ. ತಮ್ಮ ಬೋರ್ಡೇ ಒಮ್ಮೆ ಆನ್ ಆಗಬೇಕು. ನೀರಿಗೆ ಬಿದ್ದ ನಂತರವೂ ಅದು ನಡೆಯುತ್ತಿತ್ತು, ತಾವು ಚಾರ್ಜಿಗೂ ಹಾಕಿಲ್ಲ, ಆದ್ದರಿಂದ ಆನ್ ಆಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಅಷ್ಟರಲ್ಲಿ ತಮ್ಮನ ಫೋನಿನಿಂದ ತಮ್ಮ ಗೂಗಲ್ ಖಾತೆಯನ್ನು ತೆರೆದು ನೋಡಿ, ಎಷ್ಟೋ ಫೋನುಗಳಲ್ಲಿ ಗೊತ್ತಿಲ್ಲದೆಯೇ ಫೋಟೋ ಬ್ಯಾಕಪ್ ಚಾಲೂ ಇರುತ್ತದೆ. ಅಂಗಡಿಯವರಿಗೆ ಕೊಡುವಾಗ ಫೋನ್ ಸರಿಯಾಗುವುದಕ್ಕಿಂತ ಫೋಟೋಗಳು ಮುಖ್ಯ ಎಂದು ಸ್ಪಷ್ಟವಾಗಿ ತಿಳಿಸಿ, ಫಾರ್ಮ್ಯಾಟ್ ಅಥವಾ ಸಾಫ್ಟ್‌ವೇರ್ ಹಾಕುವುದು ಬೇಡ ಎಂದೂ ಹೇಳಿ. ಆನ್ ಆದ ತಕ್ಷಣ ಫೋಟೋಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲಿ. ಸ್ಪೀಕರ್ ಮತ್ತು ಕ್ಯಾಮೆರಾ ಬದಲಿಸುವ ಖರ್ಚಿನ ಮಾತನ್ನು ಅದಾದ ಮೇಲೆ ಆಡಬಹುದು.