ಕೆಲಸ ಹೋಗೋ ಭಯ: ಹೋಮ್ ಲೋನ್ ಕಟ್ಟಬೇಕಾ, ದುಡ್ಡು ಕೈಯಲ್ಲಿ ಇಟ್ಟುಕೊಳ್ಳಬೇಕಾ?

ಗಿರಿನಗರದವ: ಬೆಂಗಳೂರಲ್ಲಿ ಐಟಿ ಕೆಲಸ. ಕಂಪನಿಯಲ್ಲಿ ಜನರನ್ನು ತೆಗೆಯುತ್ತಿದ್ದಾರೆ, ಮುಂದಿನ ಪಟ್ಟಿಯಲ್ಲಿ ನಾನೂ ಇರಬಹುದು. ಉಳಿತಾಯ 4 ಲಕ್ಷ. ಅದನ್ನು ಹೋಮ್ ಲೋನ್‌ಗೆ ಕಟ್ಟಿಬಿಟ್ಟರೆ ಬಡ್ಡಿ ಉಳಿಯುತ್ತೆ ಅಲ್ವಾ? ಕ್ರೆಡಿಟ್ ಕಾರ್ಡ್‌ನಲ್ಲಿ 60 ಸಾವಿರ ಬಾಕಿ ಇದೆ, ಸದ್ಯಕ್ಕೆ ಮಿನಿಮಮ್ ಮಾತ್ರ ಕಟ್ಟುತ್ತಿದ್ದೇನೆ.

ಲೆಕ್ಕದ ಮೇಷ್ಟ್ರು: ಮೊದಲು ಕಾರ್ಡ್ ತೀರಿಸಿ ಮಾರಾಯ್ರೇ! ಮಿನಿಮಮ್ ಕಟ್ಟಿ ಉಳಿಸಿದ ಬಾಕಿಗೆ ತಿಂಗಳಿಗೆ 3.5% ಸುತ್ತಮುತ್ತ ಬಡ್ಡಿ ಬೀಳುತ್ತೆ, ಅಂದರೆ ವರ್ಷಕ್ಕೆ 40% ದಾಟುತ್ತೆ, ಮೇಲೆ ಜಿಎಸ್‌ಟಿ ಬೇರೆ, ಹೊಸದಾಗಿ ಏನೇ ಕೊಂಡರೂ ಅದಕ್ಕೂ ಆ ದಿನದಿಂದಲೇ ಬಡ್ಡಿ. ಹೋಮ್ ಲೋನ್‌ಗೆ ಅವಸರ ಬೇಡ. ಫ್ಲೋಟಿಂಗ್ ದರದ, ಅಂದರೆ ಬಡ್ಡಿ ದರ ಆಗಾಗ ಬದಲಾಗುವ ಸಾಲವಾದರೆ ಯಾವಾಗ ಕಟ್ಟಿದರೂ ದಂಡ ಇಲ್ಲ. ಆದರೆ ಈಗ ಕಟ್ಟಿದ್ದನ್ನು ಕೆಲಸ ಹೋದ ಮೇಲೆ ಬ್ಯಾಂಕು ವಾಪಸ್ ಕೊಡಲ್ಲ.

ಮಲೆನಾಡ ಹುಡುಗಿ: ಓವರ್‌ಡ್ರಾಫ್ಟ್ ಮಾದರಿ ಹೋಮ್ ಲೋನ್ ಆದರೆ ಹೆಚ್ಚುವರಿ ಹಾಕಿದ್ದನ್ನು ತೆಗೆಯಬಹುದು, ಒಮ್ಮೆ ಕೇಳಿ ನೋಡಿ. ಇನ್ನೊಂದು, ಕಂಪನಿಯ ಹೆಲ್ತ್ ಇನ್ಶೂರೆನ್ಸ್ ಕೆಲಸದ ಜೊತೆಗೇ ಹೋಗುತ್ತೆ. ಸ್ವಂತದ್ದು ಈಗಲೇ ಮಾಡಿಸಿ. ಮೊದಲೇ ಇದ್ದ ಕಾಯಿಲೆಯ ಖರ್ಚು ಕೊಡೋಕೆ ಇನ್ಶೂರೆನ್ಸ್ ಕಂಪನಿ 3 ವರ್ಷದವರೆಗೂ ಕಾಯಿಸಬಹುದು.

ಗಿರಿನಗರದವ: ತಿಂಗಳು ತಿಂಗಳು ಮ್ಯೂಚುವಲ್ ಫಂಡ್‌ಗೆ ಹಾಕೋ ಎಸ್‌ಐಪಿ ನಿಲ್ಲಿಸಲಾ?

ಲೆಕ್ಕದ ಮೇಷ್ಟ್ರು: ಆರು ತಿಂಗಳ ಇಎಂಐ, ಮನೆ ಖರ್ಚು ಕೈಯಲ್ಲಿ ಸೇರುವವರೆಗೆ ನಿಲ್ಲಿಸಿ, ಪರವಾಗಿಲ್ಲ. ಈಗಾಗಲೇ ಕೊಂಡಿರೋ ಫಂಡ್ ಯೂನಿಟ್‌ಗಳನ್ನು ಮಾತ್ರ ಗಾಬರಿಯಲ್ಲಿ ಸುಮ್ನೆ ಮಾರಬೇಡಿ.