ಸ್ವಂತ ಕಾರು, ಸ್ವಂತ ಟೀಮು: ಡೇವ್ ಮಾರ್ಸಿಸ್

ಪ್ರಶ್ನೆ: ಅಮೆರಿಕದ ಕಾರ್ ರೇಸ್ ಸರಣಿ ನಾಸ್ಕರ್‌ನ ಡ್ರೈವರ್ ಡೇವ್ ಮಾರ್ಸಿಸ್ ರೇಸಿಗೂ ವಿಂಗ್‌ಟಿಪ್ (ಆಫೀಸಿಗೆ ಹಾಕುವಂಥ) ಚರ್ಮದ ಶೂ ಹಾಕುತ್ತಿದ್ದರಂತೆ. ಸುಮ್ನೆ ಶೋಕಿಗಾ? ಗೆದ್ದದ್ದು ಬರೀ 5 ರೇಸ್ ಅಲ್ವಾ?

ಉತ್ತರ 1: ಶೋಕಿಯಲ್ಲ. ಕಾರಿನೊಳಗೆ ಕಾಲು ಸುಡುತ್ತದೆ, ಚರ್ಮ ಬಿಸಿ ತಡೆಯುತ್ತದೆ.

ಉತ್ತರ 2: ಆ 5ರಲ್ಲಿ 4 ಬೇರೆಯವರ ಕಾರಿನಲ್ಲಿ ಬಂದವು. ನನಗೆ ಇಷ್ಟ ಐದನೆಯದು, 1982ರಲ್ಲಿ ರಿಚ್ಮಂಡ್ ಟ್ರ್ಯಾಕಿನಲ್ಲಿ ಬಂದ ಗೆಲುವು. ಸ್ವಂತ ಟೀಮು, ದುಡ್ಡು ಹೊಂದಿಸುವವರೂ ಓಡಿಸುವವರೂ ಅವರೇ. ಮಳೆ ಬರುವ ಹೊತ್ತಿಗೆ ಮುಂದಿದ್ದವರು ಪಿಟ್‌ಗೆ (ಪೆಟ್ರೋಲ್, ಟಯರ್‌ಗೆ ನಿಲ್ಲಿಸುವ ಜಾಗ) ಹೋದರು, ಇವರು ಹೋಗದೆ ಮುಂದೆ ಬಂದರು. ಮಳೆಗೆ 400 ಸುತ್ತಿನ ರೇಸು 250ಕ್ಕೇ ನಿಂತಿತು, ಗೆದ್ದರು! ಅದೃಷ್ಟ ಅನ್ನಿ, ನನ್ನ ಪ್ರಕಾರ ಧೈರ್ಯವೇ ಜಾಸ್ತಿ.

ಉತ್ತರ 3: ಮಾರ್ಸಿಸ್ ಇನ್ನೊಬ್ಬ ನಾಸ್ಕರ್ ಟೀಮ್ ಮಾಲೀಕ ರಿಚರ್ಡ್ ಚಿಲ್ಡ್ರೆಸ್ ಅವರ ಟೀಮಿಗೆ ಕಾರು ಟೆಸ್ಟ್ ಮಾಡಿಕೊಡುತ್ತಲೇ ತಮ್ಮ ಟೀಮನ್ನೂ ನಡೆಸಿದರು. ಕೊನೆಯ ರೇಸು 2002ರ ಡೇಟೋನಾ 500.